ದಿನಾ ವಿಟಮಿನ್ ಮಾತ್ರೆ ಬೇಕೇ? ಹೀಗೆ ನಿರ್ಧರಿಸಿ

ಸುಸ್ತು ಅನಿಸುತ್ತದೆ, ಕೂದಲು ಉದುರುತ್ತದೆ, ಗೊತ್ತಿದ್ದವರು ಯಾರೋ ಒಂದು ಹೆಸರು ಹೇಳುತ್ತಾರೆ. ಮಲ್ಟಿವಿಟಮಿನ್ ಡಬ್ಬಿ ಮನೆಗೆ ಬರಲು ಇಷ್ಟೇ ಸಾಕು. ಆಮೇಲೆ ಅದು ವರ್ಷಗಟ್ಟಲೆ ನಡೆಯುತ್ತದೆ. ಕೊಳ್ಳುವ ಮೊದಲೇ ಒಂದು ಹಾಳೆ ಹಿಡಿದು ಕೂರುವುದು ಒಳ್ಳೆಯದು.

1. ಕಾರಣ ಬರೆಯಿರಿ

‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಬರೆದರೆ ಸಾಲದು. ಯಾವುದು ಕಡಿಮೆ ಇದೆ, ಯಾಕೆ ಕಡಿಮೆಯಾಗಿರಬಹುದು ಎಂದು ಬರೆಯಲು ಆಗಬೇಕು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದನ್ನೂ ತಿನ್ನದವರಿಗೆ ಬಿ12 ಹೊರಗಿನಿಂದಲೇ ಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಅಸಿಡಿಟಿಗೆ ಮಾತ್ರೆಯನ್ನು ಬಹಳ ಕಾಲದಿಂದ ನುಂಗುತ್ತಿರುವವರಲ್ಲೂ ಬಿ12 ಇಳಿಯಬಹುದು. ಬಿಸಿಲೇ ಕಾಣದವರಿಗೆ ವಿಟಮಿನ್ ಡಿ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರಿಗೆ ಕಬ್ಬಿಣದ ಅಂಶ ಕಡಿಮೆಯಾಗಬಹುದು.

ಗರ್ಭ ಧರಿಸಲು ಯೋಚಿಸುತ್ತಿರುವವರ ವಿಷಯ ಬೇರೆ. ಅವರು ಫೋಲಿಕ್ ಆಸಿಡ್‌ಗೆ ಹಿಂದೆಮುಂದೆ ನೋಡಬೇಕಿಲ್ಲ. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೊಗ್ರಾಂ, ಅದೂ ಗರ್ಭ ನಿಲ್ಲುವ ಮೊದಲೇ ಶುರುವಾಗಬೇಕು. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಸರಿಯಾಗಿ ಮುಚ್ಚಿಕೊಳ್ಳಲು ಅದು ಬೇಕು, ಆ ನಾಳ ಗರ್ಭ ನಿಂತ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ತಾಯಂದಿರಿಗೆ ಆ ಹೊತ್ತಿಗೆ ಬಸಿರಾಗಿರುವುದೇ ಗೊತ್ತಿರುವುದಿಲ್ಲ.

ಹಾಳೆಯಲ್ಲಿ ಇಂಥ ಯಾವ ಕಾರಣವೂ ಇಲ್ಲ, ಊಟ ಚೆನ್ನಾಗಿದೆ, ತೊಂದರೆಯೂ ಇಲ್ಲ ಎಂದಾದರೆ ಮಾತ್ರೆ ಬೇಡ. ಸುಮ್ನೆ ಇರಲಿ ಎಂದು ನುಂಗಿದರೆ ದೊಡ್ಡ ಕಾಯಿಲೆಗಳು ದೂರ ಇರುತ್ತವೆ ಎಂಬ ನಂಬಿಕೆಯನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ‘ವೈಟಲ್’ ಅಧ್ಯಯನದಲ್ಲಿ 25,871 ಜನರನ್ನು ಐದು ವರ್ಷಗಳಷ್ಟು ಕಾಲ ಗಮನಿಸಿದರು. ದಿನಾ ವಿಟಮಿನ್ ಡಿ ತೆಗೆದುಕೊಂಡವರಿಗೆ ಕ್ಯಾನ್ಸರ್ ಆಗಲಿ, ಹೃದಯಾಘಾತವಾಗಲಿ ಕಡಿಮೆ ಬರಲಿಲ್ಲ.

2. ಮೊದಲು ಪರೀಕ್ಷೆ, ಆಮೇಲೆ ಮಾತ್ರೆ

ಈ ಕ್ರಮ ತಪ್ಪಬಾರದು. ಬಿ12 ಮಾತ್ರೆ ನುಂಗಿ ಪರೀಕ್ಷೆ ಮಾಡಿಸಿದರೆ ಅಂಕಿ ಏರಿರುತ್ತದೆ, ಮೊದಲು ಕೊರತೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ಫೋಲಿಕ್ ಆಸಿಡ್ ಹೆಚ್ಚಾದರೆ ಬಿ12 ಕೊರತೆಯ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಆದರೆ ಒಳಗೆ ನರಗಳಿಗೆ ಆಗುವ ಹಾನಿ ನಿಲ್ಲುವುದಿಲ್ಲ. ಕೂದಲಿಗೆಂದು ಕೊಡುವ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು. ಅದನ್ನು ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲು ಹೇಳಿಬಿಡಿ.

ಕಬ್ಬಿಣಕ್ಕೆ ಹಿಮೋಗ್ಲೋಬಿನ್ ಒಂದನ್ನೇ ನೋಡಿದರೆ ಸಾಲದು, ಫೆರಿಟಿನ್ ಕೂಡ ಬೇಕು. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವುದು ಅದೇ. ಸುಸ್ತಿಗೆ ನಿದ್ದೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಹೀಗೆ ಬೇರೆ ಕಾರಣಗಳೂ ಇರುತ್ತವೆ. ಮಾತ್ರೆ ನುಂಗುತ್ತಾ ಕೂತರೆ ಅವು ಪತ್ತೆಯಾಗುವುದು ತಡವಾಗುತ್ತದೆ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇದೇ.

3. ಪ್ರಮಾಣ ನೋಡಿ

ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನಲ್ಲಿ ಕರಗುತ್ತವೆ, ಹೆಚ್ಚಾದದ್ದು ದೇಹದಲ್ಲೇ ಉಳಿಯಬಹುದು. ವೈದ್ಯರು ಹೇಳದೆ ದೊಡ್ಡವರು ವಿಟಮಿನ್ ಡಿಯನ್ನು ದಿನಕ್ಕೆ 4,000 ಐಯು (ಲೇಬಲ್‌ನಲ್ಲಿ IU ಎಂದಿರುವ ಅಳತೆ) ಮೀರಿ ತೆಗೆದುಕೊಳ್ಳಬಾರದು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ವಿಟಮಿನ್ ಎ ಜಾಸ್ತಿಯಾದರೆ ಗರ್ಭದಲ್ಲಿರುವ ಮಗುವಿಗೆ ಅಪಾಯ. 1994ರಲ್ಲಿ ಪ್ರಕಟವಾದ ಫಿನ್‌ಲ್ಯಾಂಡ್‌ನ ಅಧ್ಯಯನವೊಂದರಲ್ಲಿ, ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕೆರೋಟಿನ್ ತೆಗೆದುಕೊಂಡ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೇ ಆಯಿತು. ಎರಡು ಮೂರು ಡಬ್ಬಿ ಇದ್ದರೆ ಒಂದೇ ವಿಟಮಿನ್ ಎಲ್ಲದರಲ್ಲೂ ಇರಬಹುದು. ಲೇಬಲ್ ಓದಿ ಕೂಡಿಸಿ ನೋಡಿ.

4. ಬೇರೆ ಔಷಧಿಗಳ ಪಟ್ಟಿ ತೋರಿಸಿ

ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಥೈರಾಯ್ಡ್ ಮಾತ್ರೆಗೂ ನಡುವೆ 4 ಗಂಟೆ ಅಂತರ ಇರಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ವಿಟಮಿನ್ ಕೆ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಗಿಡಮೂಲಿಕೆಯದ್ದು ಎಂದು ಬಿಟ್ಟುಬಿಡಬೇಡಿ, ಗ್ರೀನ್ ಟೀ ಸಾರದ ಮಾತ್ರೆಗಳಿಂದ ಯಕೃತ್ತು ಕೆಟ್ಟ ಉದಾಹರಣೆಗಳಿವೆ.

5. ಮುಗಿಸುವ ದಿನವನ್ನೂ ಬರೆಯಿರಿ

ಶುರು ಮಾಡುವ ದಿನವೇ ‘ಮತ್ತೆ ಪರೀಕ್ಷೆ ಯಾವಾಗ?’ ಎಂದು ವೈದ್ಯರನ್ನು ಕೇಳಿ, ತಾರೀಖನ್ನು ಡಬ್ಬಿಯ ಮೇಲೆ ಬರೆದಿಡಿ. ಪ್ರಾಣಿಮೂಲದ ಏನನ್ನೂ ತಿನ್ನದವರಿಗೆ ಬಿ12 ಜೀವನಪೂರ್ತಿ ಬೇಕಾಗುತ್ತದೆ. ಉಳಿದವರಲ್ಲಿ ಬಹಳಷ್ಟು ಮಂದಿಗೆ ಕೊರತೆ ತುಂಬಿ, ಅದರ ಕಾರಣವೂ ಸರಿಹೋದ ಮೇಲೆ ಮಾತ್ರೆ ನಿಲ್ಲಿಸಬಹುದು. ಅಲ್ಲಿಯವರೆಗೆ ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ. ದೊಡ್ಡವರ ಕಬ್ಬಿಣದ ಮಾತ್ರೆಗಳನ್ನು ಪುಟ್ಟ ಮಗು ನುಂಗಿದರೆ ಜೀವಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.