ಟ್ಯಾಲಿ ಪ್ರೈಮ್‌ನಲ್ಲಿ ದಿನಸಿ ಅಂಗಡಿಯ ಸರಕು ವಿಂಗಡಿಸುವುದು ಹೇಗೆ?

ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಗೆ ಸರಕಿನ ಪಟ್ಟಿ ಏರಿಸುವಾಗ ಬಹಳಷ್ಟು ಅಂಗಡಿಗಳಲ್ಲಿ ಕಂಪನಿಗೊಂದು ಗ್ರೂಪ್ ಮಾಡಿ, ಅದರ ಸೋಪು, ಬಿಸ್ಕತ್ತು, ಚಹಾಪುಡಿಯನ್ನೆಲ್ಲ ಅದರೊಳಗೇ ಹಾಕುತ್ತಾರೆ. ಡಿಸ್ಟ್ರಿಬ್ಯೂಟರ್ ಬಿಲ್ ನೋಡಿ ನಮೂದಿಸಲು ಇದು ಸಲೀಸು. ಆದರೆ ‘ಈ ತಿಂಗಳು ಸೋಪು ಒಟ್ಟು ಎಷ್ಟು ಹೋಯಿತು’ ಎಂದರೆ ಹತ್ತು ಗ್ರೂಪ್ ತಡಕಾಡಬೇಕು. ಒಂದೇ ಗ್ರೂಪಿನಲ್ಲಿ ಹಲವು ಜಿಎಸ್‌ಟಿ ದರಗಳೂ ಬೆರೆಯುತ್ತವೆ.

ಮೊದಲು ಕಾಗದದ ಮೇಲೆ ವಿಂಗಡಣೆ ಬರೆದುಕೊಳ್ಳಿ. ದಿನಸಿ ಅಂಗಡಿಗೆ ಮೂರು ಹಂತ ಸಾಕು: ‘ಧಾನ್ಯ’, ಅದರಡಿ ‘ಅಕ್ಕಿ’, ಅದರಡಿ ‘ಬಿಡಿ ಅಕ್ಕಿ’. ನಾಲ್ಕನೆಯದಕ್ಕೆ ಹೋದರೆ ಬಿಲ್ ಮಾಡುವ ಹುಡುಗರು ಹೊಸ ಐಟಂ ಎಲ್ಲಿ ಸೇರಿಸಬೇಕೆಂದು ತಿಳಿಯದೆ ಸಿಕ್ಕಲ್ಲಿ ಸೇರಿಸುತ್ತಾರೆ. ‘ಇತರೆ’ ಎಂಬ ಗ್ರೂಪ್ ಇಡಲೇಬೇಡಿ. ವರ್ಷ ತುಂಬುವುದರೊಳಗೆ ಅರ್ಧ ಅಂಗಡಿ ಅದರಲ್ಲೇ ಇರುತ್ತದೆ.

ಇನ್ನು ಟ್ಯಾಲಿಯಲ್ಲಿ ಕ್ರಿಯೇಟ್, ಸ್ಟಾಕ್ ಗ್ರೂಪ್ ತೆರೆಯಿರಿ. ಮೇಲಿನ ಹಂತದ ಗ್ರೂಪಿಗೆ ‘ಅಂಡರ್’ ಜಾಗದಲ್ಲಿ ಪ್ರೈಮರಿ ಆಯ್ದುಕೊಳ್ಳಿ, ಉಳಿದವಕ್ಕೆ ಅವುಗಳ ಮೇಲಿನ ಗ್ರೂಪ್. ಪ್ರಮಾಣಗಳನ್ನು ಕೂಡಿಸಬೇಕೇ ಎಂಬ ಪ್ರಶ್ನೆಗೆ ಕಣ್ಣುಮುಚ್ಚಿ ಎಂಟರ್ ಒತ್ತಬೇಡಿ. ಅಕ್ಕಿಯೆಲ್ಲ ಕೆಜಿಯಲ್ಲಿದ್ದರೆ ‘ಯೆಸ್’. ಲೀಟರ್, ಪೀಸ್, ಕೆಜಿ ಬೆರೆತಿದ್ದರೆ ‘ನೋ’, ಏಕೆಂದರೆ ಅಲ್ಲಿ ಒಟ್ಟು ಪ್ರಮಾಣಕ್ಕೆ ಅರ್ಥವಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ತೆರಿಗೆಯಲ್ಲಿ. ಒಂದೇ ದರವಿರುವ ಕೊನೆಯ ಹಂತದ ಗ್ರೂಪಿನಲ್ಲಿ ದರ ಕೊಡಿ, ಐಟಂಗಳಲ್ಲಿ ಬೇಡ. ಐಟಂನಲ್ಲಿ ಕೊಟ್ಟದ್ದು ಗ್ರೂಪಿನಲ್ಲಿ ಕೊಟ್ಟದ್ದನ್ನು ಮೀರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್, ಶಾಂಪೂ, ಸ್ನಾನದ ಸೋಪಿನ ಬಾರ್ ಶೇ 18ರಿಂದ ಶೇ 5ಕ್ಕೆ ಇಳಿದವು. ದರ ಗ್ರೂಪಿನಲ್ಲಿದ್ದರೆ ಒಂದೇ ಕಡೆ ತಿದ್ದಿದರೆ ಮುಗಿಯಿತು. ಐಟಂನಲ್ಲೂ ಕೊಟ್ಟಿದ್ದರೆ ಗ್ರೂಪ್ ಬದಲಾದರೂ ಬಿಲ್ಲಿನಲ್ಲಿ ಹಳೆಯ ಶೇ 18 ಬರುತ್ತಲೇ ಇರುತ್ತದೆ. ಹೊಸ ದರ ಯಾವ ದಿನಾಂಕದಿಂದ ಅನ್ವಯ ಎಂಬುದನ್ನೂ ತುಂಬಿ.

ತೆರಿಗೆಗಾಗಿ ಸರಕಿನ ಬಗೆ ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆಯೊಂದನ್ನೇ ನಂಬಿ ಗ್ರೂಪ್ ಮಾಡಿದರೂ ತಪ್ಪಾಗುತ್ತದೆ. ಸ್ನಾನದ ಸೋಪಿನ ಬಾರ್, ದ್ರವರೂಪದ ಹ್ಯಾಂಡ್‌ವಾಶ್ ಎರಡೂ 3401ರಡಿ ಬರುತ್ತವೆ. ಮೊದಲನೆಯದಕ್ಕೆ ಶೇ 5, ಎರಡನೆಯದಕ್ಕೆ ಶೇ 18. ಎರಡಕ್ಕೂ ಬೇರೆ ಬೇರೆ ಗ್ರೂಪ್ ಬೇಕು.

ಅಕ್ಕಿ ಇನ್ನೂ ತೊಡಕಿನದು. 25 ಕೆಜಿವರೆಗಿನ, ಲೇಬಲ್ ಇರುವ ಮೊದಲೇ ಪ್ಯಾಕ್ ಆದ ಅಕ್ಕಿಗೆ 2022ರ ಜುಲೈ 18ರಿಂದ ಶೇ 5 ತೆರಿಗೆ. ಬಿಡಿ ಅಕ್ಕಿಗೆ ಇಲ್ಲ, 26 ಕೆಜಿ ಮೂಟೆಗೂ ಇಲ್ಲ. ಆದ್ದರಿಂದ ‘ಅಕ್ಕಿ’ಯಡಿ ತೆರಿಗೆಯದೊಂದು, ತೆರಿಗೆಯಿಲ್ಲದ್ದೊಂದು ಗ್ರೂಪ್ ಮಾಡಿ, ಮೇಲಿನ ‘ಅಕ್ಕಿ’ಯಲ್ಲಿ ದರ ಖಾಲಿ ಬಿಡಿ. ತೆರಿಗೆ ಕೊಟ್ಟು ತಂದ 25 ಕೆಜಿ ಚೀಲವನ್ನು ಬಿಚ್ಚಿ ಬಿಡಿಯಾಗಿ ಮಾರುವುದಾದರೆ ದಾಸ್ತಾನು ವರ್ಗಾವಣೆ ನಮೂದಿಸುವ ಸ್ಟಾಕ್ ಜರ್ನಲ್‌ನಲ್ಲಿ ಒಂದು ಐಟಂನಿಂದ ಇನ್ನೊಂದಕ್ಕೆ ವರ್ಗಾಯಿಸಿ. ಇಲ್ಲದಿದ್ದರೆ ಪ್ಯಾಕ್ ಅಕ್ಕಿಯ ದಾಸ್ತಾನು ಪುಸ್ತಕದಲ್ಲಷ್ಟೇ ಉಳಿದು, ಬಿಡಿ ಅಕ್ಕಿ ಮೈನಸ್‌ಗೆ ಇಳಿಯುತ್ತದೆ. ಆ ಚೀಲದ ಮೇಲಿನ ಇನ್‌ಪುಟ್ ಕ್ರೆಡಿಟನ್ನು, ಅಂದರೆ ಖರೀದಿಯಲ್ಲಿ ಕೊಟ್ಟು ನಿಮ್ಮ ತೆರಿಗೆಯಲ್ಲಿ ಕಳೆದುಕೊಂಡ ಮೊತ್ತವನ್ನು, ಹಿಂದಿರುಗಿಸಬೇಕಾಗುತ್ತದೆ. ಇದನ್ನು ಆಡಿಟರ್‌ಗೆ ತಿಳಿಸಿ.

ಹಾಗಾದರೆ ಬ್ರ್ಯಾಂಡ್ ಎಲ್ಲಿಗೆ ಸೇರಬೇಕು? ಅದಕ್ಕೆಂದೇ ಟ್ಯಾಲಿಯಲ್ಲಿ ಸ್ಟಾಕ್ ಕ್ಯಾಟಗರಿ ಎಂಬ ಇನ್ನೊಂದು ವಿಂಗಡಣೆ ಇದೆ. ಐಟಂ ಗ್ರೂಪಿನಲ್ಲೂ ಇರುತ್ತದೆ, ಕ್ಯಾಟಗರಿಯಲ್ಲೂ ಇರುತ್ತದೆ. ಸೋಪಿನ ಒಟ್ಟು ಲೆಕ್ಕವೂ ಸಿಗುತ್ತದೆ, ಕಂಪನಿಯ ಲೆಕ್ಕವೂ ಸಿಗುತ್ತದೆ.

ಐಟಂ ಹೆಸರಿಗೆ ಒಂದೇ ಕ್ರಮ ಇರಲಿ: ಸರಕು, ಬಗೆ, ಬ್ರ್ಯಾಂಡ್, ತೂಕ. ಬಾರ್‌ಕೋಡ್ ಸಂಖ್ಯೆಯನ್ನು ಐಟಂನ ಇನ್ನೊಂದು ಹೆಸರು ಬರೆಯುವ ಅಲಿಯಾಸ್‌ನಲ್ಲಿ ಹಾಕಿದರೆ ಸ್ಕ್ಯಾನರ್ ತಾನೇ ಐಟಂ ಹುಡುಕುತ್ತದೆ. ಕೆಜಿ, ಲೀಟರ್, ಪೀಸ್ ಎಂಬ ಯೂನಿಟ್ ಮಾತ್ರ ಮೊದಲೇ ಖಚಿತವಾಗಿರಲಿ, ವ್ಯವಹಾರ ನಮೂದಾದ ಮೇಲೆ ಅದನ್ನು ಬದಲಿಸಲು ಟ್ಯಾಲಿ ಬಿಡುವುದಿಲ್ಲ.

ಈಗಾಗಲೇ ಎಲ್ಲ ಕಲಸಿಹೋಗಿದ್ದರೆ ಬ್ಯಾಕಪ್ ತೆಗೆದು, ಹೊಸ ಗ್ರೂಪ್‌ಗಳನ್ನು ಮಾಡಿ, ಆಲ್ಟರ್‌ನಲ್ಲಿ ಒಂದೊಂದೇ ಐಟಂನ ‘ಅಂಡರ್’ ಬದಲಿಸಿ. ಹಳೆಯ ತಿಂಗಳ ವರದಿಗಳೂ ಹೊಸ ವಿಂಗಡಣೆಯಲ್ಲೇ ಕಾಣಿಸುತ್ತವೆ, ಹಾಗಾಗಿ ಬೇಕಾದ ಹಳೆಯ ವರದಿಗಳನ್ನು ಮೊದಲೇ ಮುದ್ರಿಸಿಟ್ಟುಕೊಳ್ಳಿ. ಹಳೆಯ ಗ್ರೂಪ್ ಪೂರ್ತಿ ಖಾಲಿಯಾದ ಮೇಲಷ್ಟೇ ಅದನ್ನು ಅಳಿಸಲು ಆಗುತ್ತದೆ.