ಇಷ್ಟದ ಐತಿಹಾಸಿಕ ವ್ಯಕ್ತಿ ಯಾರು ಅಂದ್ರೆ ಹೆಸರು ಬರುತ್ತೆ, ಯಾಕೆ ಅಂದ್ರೆ ಮಾತೇ ಬರಲ್ಲ. ಏನ್ ಮಾಡ್ಬೇಕು?

ಒಂದ್ಸಲ ಕೆಲಸದ ಇಂಟರ್ವ್ಯೂನಲ್ಲಿ ನನ್ನ ಕೇಳಿದ್ರು, ಇತಿಹಾಸದಲ್ಲಿ ನಿಮಗೆ ತುಂಬಾ ಇಷ್ಟ ಆಗೋ ವ್ಯಕ್ತಿ ಯಾರು ಅಂತ. ನಾನು ಟಕ್ ಅಂತ ಅಶೋಕ ಅಂದೆ. ಯಾಕೆ ಅಂದ್ರು. ಕಳಿಂಗ ಯುದ್ಧ ಆದ್ಮೇಲೆ ಮನಸ್ಸು ಬದಲಾಯಿಸ್ಕೊಂಡು ಯುದ್ಧಾನೇ ಬಿಟ್ಬಿಟ್ಟ ಅಲ್ವಾ ಸರ್, ಅದಕ್ಕೆ ಅಂದೆ. ಅವ್ರು ನಗ್ತಾ, ಲಕ್ಷ ಜನ ಸತ್ತಾದ್ಮೇಲೆ ಬಿಟ್ಟ, ಅದೂ ಗೆದ್ದಾದ್ಮೇಲೆ ಬಿಟ್ಟ, ಗೆದ್ದಿದ್ದನ್ನೇನು ವಾಪಸ್ ಕೊಟ್ನಾ ಅಂದ್ರು. ನಾನು ಗಪ್‌ಚುಪ್. ಐದನೇ ಕ್ಲಾಸಿನ ಪಾಠ ಬಿಟ್ರೆ ನನ್ ಹತ್ರ ಅಶೋಕನ ಬಗ್ಗೆ ಇನ್ನೇನೂ ಇರ್ಲಿಲ್ಲ ಅಂತ ಆವತ್ತು ಗೊತ್ತಾಯ್ತು. ಮೆಚ್ಚುಗೆ ಇತ್ತು, ಕಾರಣ ಇರ್ಲಿಲ್ಲ.

ಆಮೇಲೆ ಈ ವಿಷ್ಯ ತಲೇಲಿ ಹುಳ ಬಿಟ್ಟಂಗಾಗಿ ಒಂದಷ್ಟು ಓದ್ದೆ, ಒಂದಷ್ಟು ಜನರ ಜೊತೆ ಮಾತಾಡ್ದೆ, ನನಗೆ ಯಾವ ದಾರಿ ವರ್ಕ್ ಆಯ್ತು ಅಂತ ಹೇಳ್ತೀನಿ. ಭಾಷಣಕ್ಕೋ ಇಂಟರ್ವ್ಯೂಗೋ ಮಕ್ಕಳ ಪ್ರಬಂಧಕ್ಕೋ, ಅಥ್ವಾ ಸುಮ್ನೆ ನಿಮಗೋಸ್ಕರನೋ, ಯಾವುದಕ್ಕಾದ್ರೂ ಆಗುತ್ತೆ.

ಮೊದ್ಲು ಒಂದು ಸಣ್ಣ ಪರೀಕ್ಷೆ. ನಿಮ್ಮ ಇಷ್ಟದ ವ್ಯಕ್ತಿ ಬಗ್ಗೆ ಒಂದು ವಾಕ್ಯ ಬರೀರಿ, ಯಾಕೆ ಇಷ್ಟ ಅಂತ. ಈಗ ಹೆಸರು ಹೊಡೆದು ಹಾಕಿ ಅಲ್ಲಿ ಬೇರೆ ಯಾರದ್ದಾದ್ರೂ ಹೆಸರು ಹಾಕಿ. "ಅವರು ಧೈರ್ಯಶಾಲಿ, ದೂರದೃಷ್ಟಿ ಇದ್ದ ಮಾನವತಾವಾದಿ" ಅನ್ನೋ ವಾಕ್ಯ ಮಂಡೇಲಾಗೂ ಕೂರುತ್ತೆ, ಲಿಂಕನ್‌ಗೂ ಕೂರುತ್ತೆ, ನಿಮ್ಮೂರಿನ ಎಲೆಕ್ಷನ್ ಬ್ಯಾನರ್‌ಗೂ ಕೂರುತ್ತೆ. ಹಂಗೆ ಕೂತ್ರೆ ಅದು ಕಾರಣ ಅಲ್ಲ, ಹಾರ ಅಷ್ಟೇ. ಯಾರ ಕೊರಳಿಗೆ ಬೇಕಾದ್ರೂ ಹಾಕ್ಬಹುದು.

ಇದಕ್ಕೆ ಪರಿಹಾರ ಏನಂದ್ರೆ ಮನುಷ್ಯನ ಇಡೀ ಜೀವನ ಹಿಡ್ಕೊಳ್ಳೋಕೆ ಹೋಗ್ಬೇಡಿ, ಒಂದು ದಿನ ಹಿಡ್ಕೊಳ್ಳಿ. ಅವ್ರು ಹಂಗೂ ಮಾಡ್ಬಹುದಿತ್ತು, ಹಿಂಗೂ ಮಾಡ್ಬಹುದಿತ್ತು, ಹಿಂಗೆ ಮಾಡಿದ್ರು ಅನ್ನೋ ಥರದ ಒಂದು ದಿನ.

ರೋಸಾ ಪಾರ್ಕ್ಸ್ ತಗೊಳ್ಳಿ. ನಮಗೆ ಗೊತ್ತಿರೋ ಕಥೆ ಇಷ್ಟೇ, ಅಮೆರಿಕದಲ್ಲಿ ಒಬ್ಬ ಬಡ ಕಪ್ಪು ಹೆಂಗಸು, ಟೈಲರಿಂಗ್ ಕೆಲಸ ಮುಗಿಸಿ ಸುಸ್ತಾಗಿ ಬಸ್ಸಲ್ಲಿ ಕೂತಿದ್ದಳು, ಬಿಳಿಯನಿಗೆ ಸೀಟು ಬಿಡು ಅಂದ್ರೆ ಬಿಡ್ಲಿಲ್ಲ, ಕ್ರಾಂತಿ ಆಯ್ತು. ಕಾಲುನೋವಿನಿಂದ ಆದ ಕ್ರಾಂತಿ ಥರ ಕೇಳ್ಸುತ್ತೆ. ಆ ದಿನದ ಹತ್ರ ಹೋಗಿ ನೋಡಿ. 1955ರ ಡಿಸೆಂಬರ್ 1, ಅಲಬಾಮಾದ ಮಾಂಟ್ಗೊಮೆರಿ. ಆಕೆಗೆ 42 ವರ್ಷ, ಮುದುಕಿಯೇನಲ್ಲ. ಕಪ್ಪು ಜನರ ಹಕ್ಕುಗಳಿಗೆ ಹೋರಾಡೋ ಸಂಘಟನೆಯ ಸ್ಥಳೀಯ ಶಾಖೆಗೆ 1943ರಿಂದಲೇ ಕಾರ್ಯದರ್ಶಿ ಆಗಿದ್ದೋರು, ಅಂದ್ರೆ ಹತ್ತು ವರ್ಷಕ್ಕೂ ಜಾಸ್ತಿ ಈ ಕೆಲಸದಲ್ಲಿ ಪಳಗಿದ ಕೈ. ಬಸ್ಸಲ್ಲಿ ಆಕೆ ಇದ್ದ ಸಾಲಲ್ಲಿ ನಾಲ್ಕು ಜನ ಕೂತಿದ್ರು, ಡ್ರೈವರ್ ಎಲ್ರಿಗೂ ಏಳಿ ಅಂದ, ಮೂರು ಜನ ಎದ್ರು, ಈಕೆ ಮಾತ್ರ ಕಿಟಕಿ ಕಡೆ ಸರಿದು ಕೂತ್ರು. ಎಳ್ಳಷ್ಟು ಆಚೆ ಈಚೆ ಸರಿದಿದ್ದು ಅಷ್ಟೇ! ಇನ್ನೊಂದು ವಿಷ್ಯ ಗೊತ್ತಾದಾಗ ನನಗೆ ಮೈ ಜುಮ್ಮೆಂದಿತ್ತು, ಆ ಡ್ರೈವರ್ ಆಕೆಗೆ ಹೊಸಬನಲ್ಲ. 1943ರಲ್ಲಿ ಅದೇ ಡ್ರೈವರ್, ಕಪ್ಪು ಜನ ಹಿಂದಿನ ಬಾಗಿಲಿಂದಲೇ ಹತ್ಬೇಕು ಅಂತಿದ್ದಾಗ ಆಕೆ ಮುಂದಿನ ಬಾಗಿಲಿಂದ ಹತ್ತಿದ್ದಕ್ಕೆ ಇಳಿಸಿದ್ದ, ಆಮೇಲೆ ಅವನು ಓಡ್ಸೋ ಬಸ್ಸು ಹತ್ತೋದನ್ನೇ ಆಕೆ ತಪ್ಪಿಸ್ತಿದ್ರು, ಆವತ್ತು ಮಾತ್ರ ಯಾರು ಅಂತ ನೋಡದೆ ಹತ್ತಿಬಿಟ್ಟಿದ್ರು. ದಣಿದಿದ್ದಕ್ಕೆ ಏಳ್ಲಿಲ್ಲ ಅನ್ನೋದು ನಿಜ ಅಲ್ಲ ಅಂತ ಮುಂದೆ ಆಕೆನೇ ಹೇಳ್ಕೊಂಡಿದ್ದಾರೆ.

ಎದ್ದ ಮೂರು ಜನರನ್ನ ಹೇಡಿಗಳು ಅನ್ನೋಕೆ ಹೋಗ್ಬೇಡಿ ಮತ್ತೆ. ಅವ್ರು ಎದ್ದಿದ್ದೇ ನಮಗೆ ಅಳತೆಗೋಲು, ಆ ಊರಲ್ಲಿ ಆ ಹೊತ್ತಿಗೆ ಮಾಮೂಲಿ ಮನುಷ್ಯ ಏನ್ ಮಾಡ್ತಿದ್ದ ಅನ್ನೋದು ಅವ್ರಿಂದ ಗೊತ್ತಾಗುತ್ತೆ. ಯಾರನ್ನೇ ಮೆಚ್ಚಿಕೊಳ್ಳುವಾಗ್ಲೂ ಪಕ್ಕದಲ್ಲಿ ಇದ್ದೋರು ಏನ್ ಮಾಡಿದ್ರು ಅಂತ ಹುಡುಕಿ. ಎಲ್ರೂ ಅದನ್ನೇ ಮಾಡಿದ್ರೆ ನಿಮ್ಮ ಹೀರೋ ಮಾಡಿದ್ದು ದೊಡ್ಡದೇನಲ್ಲ, ಯಾರೂ ಮಾಡದೆ ಇದ್ದಾಗ ಮಾಡಿದ್ರೆ ಅಲ್ಲೇನೋ ಇದೆ.

ಹಂಗೇ ಮೊದಲು ಮಾಡಿದ್ದೋರು ಯಾರಾದ್ರೂ ಇದ್ರಾ ಅಂತಾನೂ ನೋಡಿ. ಇಲ್ಲಿ ಇದ್ರು. ಕ್ಲಾಡೆಟ್ ಕಾಲ್ವಿನ್ ಅಂತ 15 ವರ್ಷದ ಹುಡುಗಿ, ಅದೇ ಊರಲ್ಲಿ, ಅದೇ ವರ್ಷ ಮಾರ್ಚ್ 2ಕ್ಕೆ, ಅಂದ್ರೆ ಒಂಬತ್ತು ತಿಂಗಳು ಮುಂಚೆನೇ ಸೀಟು ಬಿಡದೆ ಅರೆಸ್ಟ್ ಆಗಿದ್ದಳು. ಮುಖಂಡರು ಅವಳನ್ನ ಮುಂದಿಟ್ಟು ಚಳವಳಿ ಮಾಡ್ಲಿಲ್ಲ. ಆದ್ರೆ ಬಸ್ಸುಗಳಲ್ಲಿ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಸೀಟು ಅನ್ನೋ ಈ ಬೇರ್ಪಡಿಕೆ ಸಂವಿಧಾನಕ್ಕೆ ವಿರುದ್ಧ ಅಂತ ಕೊನೆಗೆ 1956ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಕೇಸಲ್ಲಿ ಅರ್ಜಿದಾರರ ಪಟ್ಟಿಯಲ್ಲಿ ಇದ್ದಿದ್ದು ಈ ಹುಡುಗಿ, ಪಾರ್ಕ್ಸ್ ಅಲ್ಲ! ಅಷ್ಟೇ ಅಲ್ಲ, ಪಾರ್ಕ್ಸ್ ಅರೆಸ್ಟ್ ಆದ ರಾತ್ರಿ ಜೋ ಆನ್ ರಾಬಿನ್ಸನ್ ಅನ್ನೋ ಕಾಲೇಜು ಮೇಡಂ ನಿದ್ದೆಗೆಟ್ಟು, ಯಾರೂ ಬಸ್ಸು ಹತ್ಬೇಡಿ ಅನ್ನೋ ಸಾವಿರಾರು ಕರಪತ್ರ ಸೈಕ್ಲೋಸ್ಟೈಲ್ ಮಾಡದಿದ್ರೆ ಡಿಸೆಂಬರ್ 5ಕ್ಕೆ ಬಸ್ಸುಗಳು ಖಾಲಿ ಓಡ್ತಾನೇ ಇರ್ಲಿಲ್ಲ. ಈ ಬಹಿಷ್ಕಾರ ನಡೆದಿದ್ದು 381 ದಿನ. ಅಷ್ಟು ದಿನ ಜನ ನಡ್ಕೊಂಡು, ಕಾರುಗಳಲ್ಲಿ ಡ್ರಾಪ್ ತಗೊಂಡು ಕೆಲಸಕ್ಕೆ ಹೋದ್ರು. ಇದೆಲ್ಲ ಗೊತ್ತಾದ್ರೆ ಪಾರ್ಕ್ಸ್ ಬಗ್ಗೆ ಮೆಚ್ಚುಗೆ ಕಮ್ಮಿ ಆಗುತ್ತಾ? ನನಗಂತೂ ಆಗ್ಲಿಲ್ಲ. ಒಬ್ಬಳೇ ಮಾಡಿದ ಪವಾಡ ಅಂದ್ಕೊಂಡಿದ್ದಾಗ ದೂರದಿಂದ ಕೈ ಮುಗೀತಿದ್ದೆ, ಈಗ ಹತ್ರ ಅನ್ಸುತ್ತೆ.

ಮುಂದಿನ ಪ್ರಶ್ನೆ, ಇದ್ರಿಂದ ಅವ್ರಿಗೆ ಏನ್ ಹೋಯ್ತು? ಇದನ್ನ ಬಹಳ ಜನ ಹುಡುಕೋದೇ ಇಲ್ಲ, ಪ್ರಶಸ್ತಿ ಲಿಸ್ಟ್ ಮಾತ್ರ ಬಾಯಿಪಾಠ ಮಾಡ್ತಾರೆ. ಪಾರ್ಕ್ಸ್ ಕೆಲಸ ಕಳ್ಕೊಂಡ್ರು, ಬೆದರಿಕೆ ಕರೆಗಳು ಬಂದ್ವು, 1957ರಲ್ಲಿ ಆ ಊರೇ ಬಿಟ್ಟು ಡೆಟ್ರಾಯಿಟ್‌ಗೆ ಹೋದ್ರು. ತೆತ್ತ ಬೆಲೆ ಗೊತ್ತಾದ್ರೆ ಮೆಚ್ಚುಗೆಗೆ ತೂಕ ಬರುತ್ತೆ.

ಇನ್ನು ಕಷ್ಟದ ವಿಷ್ಯ, ತಪ್ಪುಗಳು. ನಿಮ್ಮ ವ್ಯಕ್ತಿಯ ತಪ್ಪನ್ನ ಬೇರೆಯವ್ರು ಎತ್ತಿ ತೋರ್ಸೋಕೆ ಮುಂಚೆ ನೀವೇ ಹುಡುಕಿ ಇಟ್ಕೊಳ್ಳಿ. ಅಟ್ಟಕ್ಕೇರಿಸಿದ್ರೆ ಯಾರೋ ಬಂದು ಏಣಿ ತೆಗೀತಾರೆ, ಗ್ಯಾರಂಟಿ. ನೆಪೋಲಿಯನ್ ಅಂದ್ರೆ 1804ರ ಕಾನೂನು ಸಂಹಿತೆ ಅಂತೀರಾ, 1802ರಲ್ಲಿ ವಸಾಹತುಗಳಲ್ಲಿ ಗುಲಾಮಗಿರಿ ವಾಪಸ್ ತಂದಿದ್ದೂ ಅವನೇ ಅಂತ ಎದುರಿನವ್ರು ಅಂತಾರೆ. ಆಗ ಮೂರು ಥರ ಆಗ್ಬಹುದು. ತಪ್ಪು ಬೇರೆ ಕಡೆ, ನೀವು ಮೆಚ್ಚಿದ ಕೆಲಸ ಬೇರೆ ಕಡೆ ಇರ್ಬಹುದು, ಆಗ ಎರಡನ್ನೂ ಹೇಳಿ, ಮುಚ್ಚಿಡ್ಬೇಡಿ. ತಪ್ಪು ನೀವು ಮೆಚ್ಚಿದ ಕೆಲಸದ ಬುಡಕ್ಕೇ ಕೊಡ್ಲಿ ಹಾಕ್ಬಹುದು, ಆಗ ಬೇರೆ ವ್ಯಕ್ತಿ ಹುಡುಕಿ, ಅದ್ರಲ್ಲಿ ಅವಮಾನ ಏನಿಲ್ಲ. ಮೂರನೇದು ನನಗೆ ಬಹಳ ಇಷ್ಟ, ಗುಣ ಮತ್ತು ತಪ್ಪು ಒಂದೇ ಬೇರಿಂದ ಬಂದಿರೋದು.

ಇದಕ್ಕೆ ಸೆಮ್ಮೆಲ್‌ವೈಸ್‌ಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಈತ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಆಗಿದ್ದ. ಅಲ್ಲಿ ಹೆರಿಗೆಗೆ ಎರಡು ವಿಭಾಗ, ಒಂದ್ರಲ್ಲಿ ಡಾಕ್ಟರ್‌ಗಳು ಮತ್ತು ವೈದ್ಯಕೀಯ ವಿದ್ಯಾರ್ಥಿಗಳು, ಇನ್ನೊಂದ್ರಲ್ಲಿ ಸೂಲಗಿತ್ತಿಯರು. ಡಾಕ್ಟರ್‌ಗಳ ವಿಭಾಗದಲ್ಲೇ ಬಾಣಂತಿಯರು ಜಾಸ್ತಿ ಸಾಯ್ತಿದ್ರು, ಅಲ್ಲಿಗೆ ಹಾಕ್ಬೇಡಿ ಅಂತ ಹೆಂಗಸರು ಕೈಮುಗಿದು ಬೇಡ್ಕೊಳ್ತಿದ್ರು. ಯಾಕೆ ಅಂತ ಈತ ತಲೆ ಕೆಡ್ಸ್ಕೊಂಡಿದ್ದಾಗ, 1847ರಲ್ಲಿ ಇವನ ಗೆಳೆಯ ಕೊಲೆಚ್ಕಾ ಹೆಣ ಕೊಯ್ಯುವಾಗ ವಿದ್ಯಾರ್ಥಿಯ ಚಾಕು ಬೆರಳಿಗೆ ತಾಗಿ ಸತ್ತ. ಅವನ ಶವಪರೀಕ್ಷೆ ವರದಿ ಓದಿದ್ರೆ, ಬಾಣಂತಿಯರ ದೇಹದಲ್ಲಿ ಕಂಡಿದ್ದೇ ಗೆಳೆಯನ ದೇಹದಲ್ಲೂ ಇತ್ತು. ಡಾಕ್ಟರ್‌ಗಳು ಬೆಳಿಗ್ಗೆ ಹೆಣ ಕೊಯ್ದು ಅದೇ ಕೈಯಲ್ಲಿ ಹೆರಿಗೆ ಮಾಡ್ಸೋಕೆ ಬರ್ತಿದ್ರು, ಈತನೂ ಅವ್ರಲ್ಲೊಬ್ಬ. ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೀಲೇಬೇಕು ಅಂತ ಮೇ ತಿಂಗಳಲ್ಲಿ ರೂಲ್ ಮಾಡ್ದ. ಏಪ್ರಿಲ್‌ನಲ್ಲಿ 100ಕ್ಕೆ 18ರಷ್ಟಿದ್ದ ಸಾವು ಜೂನ್‌ಗೆ 2ರ ಆಸುಪಾಸಿಗೆ ಇಳೀತು.

ಜನ ಇವನನ್ನ ಕೈ ತೊಳೆಯೋದು ಕಂಡುಹಿಡಿದ ಅಂತ ಮೆಚ್ಕೊಳ್ತಾರೆ. ನಾನು ಮೆಚ್ಚೋದು ಅದಕ್ಕಲ್ಲ. ಕೆಟ್ಟ ಗಾಳಿ, ಹವಾಮಾನ, ಬಾಣಂತಿಯರ ಭಯ ಅಂತ ಎಲ್ರೂ ಎಲ್ಲೆಲ್ಲೋ ಕಾರಣ ಹುಡುಕ್ತಿದ್ದಾಗ ಈತ ತನ್ನ ಕೈ ನೋಡ್ಕೊಂಡ, ಇವ್ರನ್ನ ಕೊಂದಿದ್ದು ನಾನೇ ಅನ್ನೋ ಜಾಗಕ್ಕೆ ಬಂದು ನಿಂತ. ಅದು ಎಷ್ಟು ಜನರ ಕೈಲಾಗುತ್ತೆ ಹೇಳಿ! ಆದ್ರೆ ಅದೇ ಹಠ ಮುಂದೆ ಮುಳುವಾಯ್ತು. ಇದನ್ನ ಪುಸ್ತಕ ಮಾಡಿದ್ದು 1861ರಲ್ಲಿ, ಹದಿನಾಲ್ಕು ವರ್ಷ ಲೇಟು. ಒಪ್ಪದೇ ಇದ್ದ ಪ್ರೊಫೆಸರ್‌ಗಳಿಗೆ ಬಹಿರಂಗ ಪತ್ರ ಬರೆದು ಕೊಲೆಗಾರರು ಅಂತ ಜರೆದ. ತನಗೆ ತಾನು ಹೇಳ್ಕೊಂಡ ಮಾತನ್ನೇ ಊರಿಗೆಲ್ಲ ಹೇಳೋಕೆ ಹೋದ ಅನ್ಸುತ್ತೆ ನನಗೆ. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ, 47 ವರ್ಷಕ್ಕೆ. ಗುಣ ತಗೊಂಡು ತಪ್ಪು ಬಿಡ್ತೀನಿ ಅಂದ್ರೆ ಇಲ್ಲಿ ಆಗಲ್ಲ, ಎರಡೂ ಒಟ್ಟಿಗೇ ಬರುತ್ತೆ. ಅದನ್ನ ಹಂಗೇ ಹೇಳಿದ್ರೆ ಕೇಳೋರು ಕಿವಿ ಕೊಟ್ಟು ಕೇಳ್ತಾರೆ, ನಾನೇ ನೋಡಿದ್ದೀನಿ.

ಹಂಗೇ ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆನೂ ಒಂಚೂರು. ದೀಪ ಹಿಡ್ಕೊಂಡು ವಾರ್ಡ್ ಸುತ್ತೋ ಚಿತ್ರ ಸಾಕಷ್ಟು ನೋಡಿದ್ದೀವಿ, ದೀಪ ಬಿಟ್ಟು ಲೆಕ್ಕ ನೋಡಿ. ಆಕೆ 1854ರ ನವೆಂಬರ್‌ನಲ್ಲಿ ಕ್ರಿಮಿಯಾ ಯುದ್ಧದ ಬ್ರಿಟಿಷ್ ಸೈನಿಕರಿದ್ದ, ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದ ಮೇಲಿನ ಚಳಿಗಾಲದಲ್ಲಿ ಸಾವು ಇಳೀಲಿಲ್ಲ, ಏರಿತು. 1855ರ ಮಾರ್ಚ್‌ನಲ್ಲಿ ನೈರ್ಮಲ್ಯ ಆಯೋಗದವ್ರು ಬಂದು ಚರಂಡಿ ಕ್ಲೀನ್ ಮಾಡ್ಸಿದ್ಮೇಲೆ ಇಳೀತು. ವಾಪಸ್ ಹೋದ್ಮೇಲೆ ಆಕೆ ಕೂತು ಲೆಕ್ಕ ಹಾಕಿ, ಸೈನಿಕರು ಗಾಯದಿಂದಲ್ಲ, ತಡೀಬಹುದಾದ ಕಾಯಿಲೆಯಿಂದ ಸತ್ತಿದ್ದೇ ಜಾಸ್ತಿ ಅಂತ 1858ರಲ್ಲಿ ದುಂಡಗಿನ ಬಣ್ಣದ ಚಾರ್ಟ್ ಮಾಡಿ ತೋರ್ಸಿದ್ರು. ದೇವತೆ ಥರ ಪೂಜೆ ಮಾಡ್ಸ್ಕೊಂಡು ಆರಾಮಾಗಿ ಇರ್ಬಹುದಿತ್ತು, ಲೆಕ್ಕ ಮಾಡೋಕೆ ಕೂತ್ರಲ್ಲ, ಅದು.

ಹೇಳಿಕೆಗಳ ಬಗ್ಗೆ ಹುಷಾರು. ಫೋಟೋ ಪಕ್ಕ ಬರೆದಿರೋ ಮಾತನ್ನ ನಂಬಿ ಯಾರನ್ನೂ ಮೆಚ್ಕೊಳ್ಬೇಡಿ. ನಿನ್ನ ಮಾತು ನಾನು ಒಪ್ಪಲ್ಲ ಆದ್ರೆ ಅದನ್ನ ಹೇಳೋ ನಿನ್ನ ಹಕ್ಕಿಗೆ ಪ್ರಾಣ ಕೊಡ್ತೀನಿ ಅನ್ನೋದು ಫ್ರಾನ್ಸಿನ ಲೇಖಕ ವೋಲ್ಟೇರ್ ಹೇಳಿದ್ದಲ್ಲ, ಅವ್ನ ಬಗ್ಗೆ ಬರೆದ ಒಬ್ಬ ಲೇಖಕಿ 1906ರಲ್ಲಿ ಬರೆದಿದ್ದು. ಸುಳ್ಳು ಹೇಳಿಕೆನಾದ್ರೂ ಹಿಡೀಬಹುದು, ನಿಜವಾದ ಹೇಳಿಕೆನ ತಾರೀಖು ಕಿತ್ತು ಹಾಕಿ ಕೊಟ್ರೆ ಇನ್ನೂ ಕಷ್ಟ. ಒಬ್ಬ ಗುಲಾಮನನ್ನೂ ಬಿಡುಗಡೆ ಮಾಡದೆ ಅಮೆರಿಕದ ಒಕ್ಕೂಟ ಒಡೆಯದಂತೆ ಉಳಿಸೋಕಾದ್ರೆ ಹಂಗೇ ಮಾಡ್ತೀನಿ ಅಂತ ಲಿಂಕನ್ 1862ರ ಆಗಸ್ಟ್‌ನಲ್ಲಿ ಬರೆದಿದ್ದು ನಿಜ, ನೋಡಿ ನಿಮ್ಮ ಲಿಂಕನ್ ಅಂತ ಇದನ್ನ ಮುಖಕ್ಕೆ ಹಿಡೀತಾರೆ. ಆದ್ರೆ ಆ ಕಾಗದಕ್ಕೆ ಒಂದು ತಿಂಗಳು ಮುಂಚೆನೇ, ಜುಲೈನಲ್ಲಿ, ಗುಲಾಮರ ಬಿಡುಗಡೆ ಘೋಷಣೆಯ ಕರಡನ್ನ ತನ್ನ ಸಚಿವರ ಮುಂದೆ ಓದಿದ್ದ! 1863ರ ಜನವರಿ 1ಕ್ಕೆ ಅದು ಜಾರಿಗೆ ಬಂತು. ಎರಡು ತಾರೀಖು ಪಕ್ಕಪಕ್ಕ ಇಟ್ರೆ ಆ ಕಾಗದ ಬೇರೆನೇ ಥರ ಓದ್ಸ್ಕೊಳ್ಳುತ್ತೆ.

ಕೊನೆಗೆ ಹೇಳೋ ರೀತಿ. ಎರಡು ನಿಮಿಷ ಸಿಕ್ರೆ ಹುಟ್ಟಿದ ವರ್ಷ, ತಂದೆ ತಾಯಿ ಹೆಸರಿಂದ ಶುರು ಮಾಡ್ಬೇಡಿ ದಯವಿಟ್ಟು. ನೇರವಾಗಿ ಆ ದಿನಕ್ಕೆ ಹೋಗಿ. ಎಲ್ಲಿದ್ರು, ಎದುರಿಗೆ ಏನಿತ್ತು, ಏನ್ ಮಾಡಿದ್ರು, ಏನ್ ಕಳ್ಕೊಂಡ್ರು, ನಿಮಗ್ಯಾಕೆ ಅದು ತಟ್ಟಿತು. ತಪ್ಪು ಒಂದನ್ನ ನೀವೇ ಸೇರ್ಸಿ. ಇಷ್ಟು ಸಾಕು.

ಆ ಇಂಟರ್ವ್ಯೂ ಮತ್ತೆ ಆದ್ರೆ ನಾನು ಈಗ್ಲೂ ಅಶೋಕನೇ ಅಂತೀನಿ, ಆದ್ರೆ ಯುದ್ಧ ಬಿಟ್ಟಿದ್ದಕ್ಕಲ್ಲ. ಒಂದು ಲಕ್ಷ ಜನ ಸತ್ರು, ಒಂದೂವರೆ ಲಕ್ಷ ಜನರನ್ನ ಹಿಡ್ಕೊಂಡು ಹೋದ್ರು ಅನ್ನೋ ಲೆಕ್ಕ ನಮಗೆ ಗೊತ್ತಿರೋದೇ ಅವನು 13ನೇ ಶಿಲಾಶಾಸನದಲ್ಲಿ ತಾನೇ ಕೆತ್ತಿಸಿದ್ದಕ್ಕೆ. ಗೆದ್ದ ರಾಜ ತನ್ನ ಗೆಲುವಿನ ಹೆಣ ಎಣಿಸಿ ನನಗೆ ದುಃಖ ಆಯ್ತು ಅಂತ ಬಂಡೆ ಮೇಲೆ ಬರ್ಸಿದ, ಯಾರೂ ಕೇಳಿರ್ಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ, ಪಶ್ಚಾತ್ತಾಪ ಪಟ್ರೂ ನನ್ ಹತ್ರ ಶಕ್ತಿ ಇದೆ ನೆನಪಿರ್ಲಿ ಅನ್ನೋ ಧಮ್ಕಿನೂ ಇದೆ, ಅದನ್ನೂ ಹೇಳ್ತೀನಿ. ಆಮೇಲೆ ಇನ್ನೊಂದು, ಇದೇ 13ನೇ ಶಾಸನ ಗಿರ್ನಾರ್, ಕಾಲ್ಸಿ, ಶಾಹಬಾಜ್‌ಗಢಿ ಅಂತ ದೂರದೂರದ ಕಡೆಯೆಲ್ಲ ಇದೆ, ಆದ್ರೆ ಕಳಿಂಗದ ಒಳಗೇ ಇರೋ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಇಲ್ಲ. ಅಲ್ಲಿ ಅದರ ಜಾಗದಲ್ಲಿ ಬೇರೆ ಶಾಸನ ಇದೆ, ಎಲ್ಲಾ ಮನುಷ್ಯರೂ ನನ್ನ ಮಕ್ಕಳು, ಕಾರಣ ಇಲ್ಲದೆ ಯಾರನ್ನೂ ಜೈಲಿಗೆ ಹಾಕ್ಬೇಡಿ ಅಂತ ಅಧಿಕಾರಿಗಳಿಗೆ ಹೇಳೋದು. ಸತ್ತೋರ ಊರಲ್ಲಿ ಸತ್ತೋರ ಲೆಕ್ಕ ಹಾಕ್ಸ್ಲಿಲ್ಲ. ಅದು ನಾಚಿಕೆನೋ, ರಾಜಕೀಯದ ಜಾಣತನನೋ ಅಂತ ಆ ಸಾಹೇಬ್ರು ಕೇಳಿದ್ರೆ ಅರ್ಧ ಗಂಟೆ ವಾದ ಮಾಡೋಕೆ ನಾನ್ ರೆಡಿ, ಕೆಲಸ ಸಿಗ್ದಿದ್ರೂ ಪರ್ವಾಗಿಲ್ಲ.