ಕೆನಡಾ ಪಿಆರ್: ಕನ್ಸಲ್ಟೆಂಟ್ ಬೇಕಾ, ಬೇಕಿದ್ರೆ ಎಂಥವ್ರನ್ನ ಹಿಡೀಬೇಕು

ಪಿಆರ್, ಅಂದ್ರೆ ಅಲ್ಲೇ ಖಾಯಂ ಆಗಿ ಇರೋ ಹಕ್ಕು ತಗೊಂಡು ಕೆನಡಾಗೆ ಹೋಗೋಣ ಅಂತ ಮನಸ್ಸು ಮಾಡಿದ ತಕ್ಷಣ ಎಲ್ರೂ ಕೇಳೋ ಮೊದಲ್ನೇ ಪ್ರಶ್ನೆ, ಕನ್ಸಲ್ಟೆಂಟ್ ಇಲ್ದೆ ಆಗುತ್ತಾ ಅಂತ. ಆಗುತ್ತೆ. ಐಆರ್‌ಸಿಸಿ, ಅಂದ್ರೆ ಅಲ್ಲಿನ ಇಮಿಗ್ರೇಷನ್ ಇಲಾಖೆ, ತನ್ನ ವೆಬ್‌ಸೈಟ್‌ನಲ್ಲೇ ಬರ್ದಿದೆ, ರೆಪ್ರೆಸೆಂಟೇಟಿವ್ ಇಟ್ಕೊಳ್ಳೋದು ಕಡ್ಡಾಯ ಅಲ್ಲ, ಇಟ್ಕೊಂಡ್ರೆ ಫೈಲ್ ಬೇಗ ಓಡೋದೂ ಇಲ್ಲ. ಫಾರಂ, ಗೈಡ್ ಎಲ್ಲಾ ಫ್ರೀ, ಎಕ್ಸ್‌ಪ್ರೆಸ್ ಎಂಟ್ರಿ, ಅಂದ್ರೆ ಅಂಕದ ಮೇಲೆ ಪಿಆರ್‌ಗೆ ಜನರನ್ನ ಆರ್ಸೋ ಆನ್‌ಲೈನ್ ವ್ಯವಸ್ಥೇಲಿ ಪ್ರೊಫೈಲ್ ಮಾಡೋಕೂ ಸರ್ಕಾರ ಒಂದು ಡಾಲರ್ ಕೇಳಲ್ಲ. ಹಂಗಿದ್ಮೇಲೆ ದುಡ್ಡು ಕೊಟ್ಟು ಇನ್ನೊಬ್ರನ್ನ ಯಾಕೆ ಇಟ್ಕೋಬೇಕು?

ಕೆಲವ್ರಿಗೆ ನಿಜವಾಗ್ಲೂ ಬೇಕು. ಹಿಂದೆ ಯಾವ್ದೋ ದೇಶದ ವೀಸಾ ರಿಜೆಕ್ಟ್ ಆಗಿದೆ, ಹಳೇ ಪೊಲೀಸ್ ಕೇಸ್ ಒಂದಿದೆ, ಡಿವೋರ್ಸ್ ಆಗಿ ಮಗು ಯಾರ ಹತ್ರ ಇರ್ಬೇಕು ಅನ್ನೋದು ಇನ್ನೂ ಕೋರ್ಟ್‌ನಲ್ಲಿದೆ, ಸ್ವಂತ ಬಿಸಿನೆಸ್ ಮಾಡಿದ್ದು ಅನುಭವ ತೋರ್ಸೋಕೆ ಸರಿಯಾದ ದಾಖಲೆ ಇಲ್ಲ, ಅಥವಾ ಮನೆಯವ್ರಲ್ಲಿ ಒಬ್ರಿಗೆ ದೊಡ್ಡ ಕಾಯಿಲೆ ಇದೆ, ಇಂಥಾದ್ದು ಇದ್ರೆ ತಿಳಿದವ್ರ ಕೈಲಿ ಮಾಡ್ಸೋದೇ ವಾಸಿ. ಆದ್ರೆ ಒಂದೆರಡು ಕಂಪನೀಲಿ ಕೆಲಸ ಮಾಡಿ, ಡಿಗ್ರಿ, ಎಕ್ಸ್‌ಪೀರಿಯೆನ್ಸ್ ಲೆಟರ್ ಎಲ್ಲಾ ನೆಟ್ಟಗಿದ್ದು, ಇಂಗ್ಲಿಷ್‌ನಲ್ಲಿ ಸೂಚನೆ ಓದಿ ಅರ್ಥ ಮಾಡ್ಕೊಳ್ಳೋ ತಾಳ್ಮೆ ಇದ್ರೆ ಪೂರ್ತಿ ಪ್ಯಾಕೇಜ್ ತಗೊಳ್ಳೋದು ನನ್ನ ಪ್ರಕಾರ ದಂಡ. ಲೈಸೆನ್ಸ್ ಇರೋ ಒಬ್ರ ಹತ್ರ ಒಂದು ಗಂಟೆ ಕನ್ಸಲ್ಟೇಷನ್ ತಗೊಂಡು ನಿಮ್ಮ ಡೌಟ್ ಕ್ಲಿಯರ್ ಮಾಡ್ಕೊಂಡು ಅರ್ಜಿ ನೀವೇ ಹಾಕ್ಬೋದು, ಎಷ್ಟೋ ಜನ ಹಂಗೂ ಮಾಡ್ತಾರೆ.

ಸರಿ, ದುಡ್ಡು ತಗೊಂಡು ಸಲಹೆ ಕೊಡೋಕೆ ಯಾರಿಗೆ ಹಕ್ಕಿದೆ? ಕೆನಡಾದ ಇಮಿಗ್ರೇಷನ್ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಕೆಲವ್ರಿಗೆ ಮಾತ್ರ. ಒಂದು, ಅಲ್ಲಿನ ಯಾವ್ದಾದ್ರೂ ಪ್ರಾವಿನ್ಸ್‌ನ, ಅಂದ್ರೆ ರಾಜ್ಯದ, ಲಾ ಸೊಸೈಟಿ (ವಕೀಲರ ಸಂಸ್ಥೆ) ಸದಸ್ಯರಾದ ವಕೀಲರು, ಒಂಟಾರಿಯೋದಲ್ಲಿ ಪ್ಯಾರಾಲೀಗಲ್‌ಗಳೂ (ಕೆಲವು ಕಾನೂನು ಕೆಲಸಕ್ಕಷ್ಟೇ ಲೈಸೆನ್ಸ್ ಇರೋರು) ಸೇರ್ತಾರೆ. ಎರಡು, ಕ್ಯುಬೆಕ್‌ನ ನೋಟರಿಗಳು. ಮೂರು, ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ಅನ್ನೋ ಸಂಸ್ಥೆಯಿಂದ ಲೈಸೆನ್ಸ್ ಪಡೆದವ್ರು, ಇವ್ರನ್ನೇ ಆರ್‌ಸಿಐಸಿ ಅನ್ನೋದು. ಹೆಸರಲ್ಲಿ ಕಾಲೇಜ್ ಅಂತಿದ್ರೂ ಅದು ಪಾಠ ಹೇಳೋ ಕಾಲೇಜಲ್ಲ, ಕನ್ಸಲ್ಟೆಂಟ್‌ಗಳ ಮೇಲೆ ಕಣ್ಣಿಡೋ ಸಂಸ್ಥೆ, 2021ರ ನವೆಂಬರ್‌ನಲ್ಲಿ ಶುರುವಾಗಿದ್ದು. ಅದಕ್ಕಿಂತ ಮುಂಚೆ ಐಸಿಸಿಆರ್‌ಸಿ ಅಂತ ಇತ್ತು, ಈಗ್ಲೂ ಯಾರಾದ್ರೂ ಗೋಡೆ ಮೇಲೆ ಐಸಿಸಿಆರ್‌ಸಿ ಸರ್ಟಿಫಿಕೇಟ್ ತೋರ್ಸಿ ಸಾಕಲ್ವಾ ಅಂದ್ರೆ ಸಾಲ್ದು, ಈವತ್ತಿನ ಸ್ಟೇಟಸ್ ಏನು ಅಂತ ನೋಡ್ಬೇಕು. ಇಂಡಿಯಾದಲ್ಲಿ ಪ್ರಾಕ್ಟೀಸ್ ಮಾಡೋ ಲಾಯರ್ ಎಷ್ಟೇ ದೊಡ್ಡವ್ರಾದ್ರೂ ಈ ಪಟ್ಟೀಲಿ ಬರಲ್ಲ, ಅವ್ರಿಗೆ ಕೆನಡಾದ ಲೈಸೆನ್ಸ್ ಇದ್ರೆ ಮಾತ್ರ. ಟ್ರಾವೆಲ್ ಏಜೆಂಟ್, ವೀಸಾ ಸೆಂಟರ್, ಐಇಎಲ್‌ಟಿಎಸ್ ಕೋಚಿಂಗ್ ಸೆಂಟರ್ ಕಥೆನೂ ಅಷ್ಟೇ. ಹಾಂ, ಅಣ್ಣನೋ ಸ್ನೇಹಿತನೋ ಒಂದು ರೂಪಾಯಿನೂ ತಗೊಳ್ದೆ ನಿಮ್ಮ ಪರವಾಗಿ ಅರ್ಜಿ ಹಾಕಿದ್ರೆ ತಪ್ಪಿಲ್ಲ, ಆದ್ರೆ ಅವ್ರ ಹೆಸರೂ ಫಾರಂನಲ್ಲಿ ಬರ್ಬೇಕು.

ಲೈಸೆನ್ಸ್ ಚೆಕ್ ಮಾಡೋದು ಐದು ನಿಮಿಷದ ಕೆಲಸ, ಆದ್ರೂ ಯಾಕೋ ಜನ ಮಾಡಲ್ಲ. ಆ ಕಾಲೇಜಿನ ವೆಬ್‌ಸೈಟ್‌ನಲ್ಲಿ ಪಬ್ಲಿಕ್ ರಿಜಿಸ್ಟರ್ ಅಂತಿದೆ, ಅಲ್ಲಿ ಕನ್ಸಲ್ಟೆಂಟ್ ಹೆಸರು ಇಲ್ಲಾ ಆರ್ ಅಕ್ಷರದಿಂದ ಶುರುವಾಗೋ ಅವ್ರ ಲೈಸೆನ್ಸ್ ನಂಬರ್ ಹಾಕಿ ಹುಡ್ಕಿ. ಹೆಸರು ಬಂತು ಅಂತ ಅಲ್ಲಿಗೇ ಬಿಡ್ಬೇಡಿ, ಸ್ಟೇಟಸ್ ಆಕ್ಟಿವ್ ಅಂತಿದೆಯಾ, ಸಸ್ಪೆಂಡ್ ಏನಾದ್ರೂ ಆಗಿದೆಯಾ ನೋಡಿ, ಅಲ್ಲಿರೋ ಕಂಪನಿ ಹೆಸರೂ ನಿಮ್ಮ ಕೈಲಿರೋ ವಿಸಿಟಿಂಗ್ ಕಾರ್ಡ್‌ನಲ್ಲಿರೋ ಕಂಪನಿ ಹೆಸರೂ ಒಂದೇನಾ ನೋಡಿ. ಬೇರೆಯವ್ರ ನಂಬರ್ ಕದ್ದು ತಮ್ಮ ಬೋರ್ಡ್‌ಗೆ ಹಾಕ್ಕೊಳ್ಳೋರೂ ಇದಾರೆ, ಅದಕ್ಕೇ ರಿಜಿಸ್ಟರ್‌ನಲ್ಲಿರೋ ಈಮೇಲ್‌ಗೋ ಫೋನ್‌ಗೋ ನೀವೇ ಕಾಂಟ್ಯಾಕ್ಟ್ ಮಾಡಿ, ನಿಮ್ಮ ಆಫೀಸ್ ಇಲ್ಲೊಂದಿದೆಯಂತೆ ಹೌದಾ ಅಂತ ಕೇಳ್ಬಿಡಿ. ವಕೀಲರಾದ್ರೆ ಆಯಾ ಪ್ರಾವಿನ್ಸ್‌ನ ಲಾ ಸೊಸೈಟಿ ಡೈರೆಕ್ಟರಿ ನೋಡಿ, ಅದೂ ಆನ್‌ಲೈನ್‌ನಲ್ಲೇ ಇರುತ್ತೆ.

ಇನ್ನೊಂದು, ದೊಡ್ಡ ಆಫೀಸ್‌ಗಳಲ್ಲಿ ಲೈಸೆನ್ಸ್ ಇರೋರು ಕೆನಡಾದಲ್ಲೆಲ್ಲೋ ಇರ್ತಾರೆ, ನಿಮ್ಮ ಜೊತೆ ದಿನಾ ಫೋನ್‌ನಲ್ಲಿ ಮಾತಾಡೋ ಸರ್, ಮೇಡಂ ಬರೀ ಸೇಲ್ಸ್‌ನವ್ರು. ಅವ್ರು ಸಂಬಳಕ್ಕೆ ಟಾರ್ಗೆಟ್ ಮುಟ್ಟಿಸ್ಬೇಕು, ಅದ್ರಲ್ಲಿ ಅವ್ರ ತಪ್ಪೇನಿಲ್ಲ, ಆದ್ರೆ ನಿಮ್ಮ ಕೇಸ್ ಆಗುತ್ತಾ ಇಲ್ವಾ ಅನ್ನೋ ಮಾತು ಅವ್ರ ಬಾಯಿಂದ ಕೇಳಿ ದುಡ್ಡು ಕಟ್ಬೇಡಿ. ಲೈಸೆನ್ಸ್ ಇರೋರ ಜೊತೆ ಒಂದು ವಿಡಿಯೋ ಕಾಲ್ ಕೊಡ್ಸಿ, ಆಮೇಲೆ ಮುಂದಿನ ಮಾತು ಅನ್ನಿ. ಕೊಡ್ಸಲ್ಲ ಅಂದ್ರೆ ಎದ್ದು ಬನ್ನಿ.

ಗ್ಯಾರಂಟಿ ಕೊಡ್ತಾರಲ್ಲ, ಅದನ್ನ ನಂಬ್ಬೋದಾ? ಇಲ್ಲ. ರಿಸಲ್ಟ್ ಗ್ಯಾರಂಟಿ ಕೊಡ್ಬಾರ್ದು ಅಂತ ಆರ್‌ಸಿಐಸಿಗಳಿಗೆ ಅವ್ರ ನಿಯಮದಲ್ಲೇ ಇದೆ, ಹಂಗಾಗಿ ನೂರಕ್ಕೆ ನೂರು ಪಿಆರ್ ಅಂತ ಹೇಳೋರು ಲೈಸೆನ್ಸ್ ಇಲ್ದವ್ರು ಇಲ್ಲಾ ನಿಯಮ ಮುರಿಯೋರು. ಇದೇ ಸಾಲಿಗೆ ಸೇರೋದು, ನಿಮ್ಮ ಪ್ರೊಫೈಲ್ ಸೆಲೆಕ್ಟ್ ಆಗಿದೆ ಅನ್ನೋ ಮೆಸೇಜ್. ಎಕ್ಸ್‌ಪ್ರೆಸ್ ಎಂಟ್ರಿ ಪೂಲ್‌ಗೆ ಹೋಗೋದು ಅಂದ್ರೆ ಕ್ಯೂನಲ್ಲಿ ನಿಂತಂಗೆ ಅಷ್ಟೇ, ಅರ್ಹತೆ ಇರೋರೆಲ್ಲಾ ನಿಂತ್ಕೋಬೋದು, ಆ ಪ್ರೊಫೈಲ್ 12 ತಿಂಗಳು ಇರುತ್ತೆ. ನಿಮ್ಮನ್ನ ಕರೆದ್ರು ಅನ್ನೋದು ಐಟಿಎ, ಅಂದ್ರೆ ಅರ್ಜಿ ಹಾಕಿ ಅನ್ನೋ ಆಹ್ವಾನ ಬಂದಾಗ ಮಾತ್ರ. ಅದು ಬರೋದು ಸಿಆರ್‌ಎಸ್ ಸ್ಕೋರ್ ಮೇಲೆ, ಅಂದ್ರೆ ವಯಸ್ಸು, ಓದು, ಭಾಷೆ, ಅನುಭವ ಇಂಥವಕ್ಕೆ ಕೊಡೋ ಅಂಕ, ಒಟ್ಟು 1200ಕ್ಕೆ. ಕನ್ಸಲ್ಟೆಂಟ್ ನಿಮ್ಮ ವಯಸ್ಸು ಕಮ್ಮಿ ಮಾಡೋಕಾಗಲ್ಲ, 30 ಆದ್ಮೇಲೆ ವರ್ಷಾ ವರ್ಷಾ ಪಾಯಿಂಟ್ ಇಳೀತಾನೇ ಇರುತ್ತೆ. ನಿಮ್ಮ ಕೈಲಿರೋದು ಜಾಸ್ತಿ ಅಂದ್ರೆ ಭಾಷೆ. ಐಇಎಲ್‌ಟಿಎಸ್ ಜನರಲ್ ಅನ್ನೋ ಇಂಗ್ಲಿಷ್ ಪರೀಕ್ಷೇಲಿ ಲಿಸನಿಂಗ್ 8, ಉಳಿದ ಮೂರ್ರಲ್ಲೂ 7 ಬಂದ್ರೆ ಸಿಎಲ್‌ಬಿ (ಕೆನಡಾದವ್ರು ಭಾಷೆ ಅಳೆಯೋ ಮಟ್ಟ) 9 ಅಂತ ಲೆಕ್ಕ, ಅಲ್ಲಿಂದ ಸ್ಕೋರ್ ಜೋರಾಗಿ ಏರುತ್ತೆ, ಹಂಗಾಗಿ ಒಂದು ಬ್ಯಾಂಡ್‌ನಲ್ಲಿ ಅರ್ಧ ಪಾಯಿಂಟ್ ಕಮ್ಮಿ ಬಂದಿದ್ರೆ ಕನ್ಸಲ್ಟೆಂಟ್‌ಗೆ ಕೊಡೋ ದುಡ್ಡಲ್ಲಿ ಸ್ವಲ್ಪ ತೆಗ್ದು ಇನ್ನೊಂದ್ಸಲ ಪರೀಕ್ಷೆ ಬರೆಯೋದು ಲಾಭ. ಪ್ರಾವಿನ್ಸ್ ನಾಮಿನೇಷನ್, ಅಂದ್ರೆ ಇವ್ರು ನಮಗೆ ಬೇಕು ಅಂತ ಒಂದು ಪ್ರಾವಿನ್ಸ್ ಹೆಸರು ಸೂಚಿಸೋದು, ಸಿಕ್ರೆ 600 ಪಾಯಿಂಟ್, ಆದ್ರೆ ಯಾವ ಪ್ರಾವಿನ್ಸ್‌ಗೆ ಯಾವ ಕೆಲಸದವ್ರು ಬೇಕು ಅನ್ನೋದು ಬದಲಾಗ್ತಾ ಇರುತ್ತೆ, ಒಳ್ಳೇ ಕನ್ಸಲ್ಟೆಂಟ್ ನಿಜವಾಗ್ಲೂ ಉಪಯೋಗಕ್ಕೆ ಬರೋದು ಇಂಥಾ ಜಾಗದಲ್ಲೇ.

ಜಾಬ್ ಆಫರ್ ಕೊಡಿಸ್ತೀವಿ ಅನ್ನೋರ ಬಗ್ಗೆ ಒಂದು ಮಾತು. ಎಕ್ಸ್‌ಪ್ರೆಸ್ ಎಂಟ್ರೀಲಿ ಜಾಬ್ ಆಫರ್‌ಗೆ ಸಿಕ್ತಿದ್ದ 50, 200 ಪಾಯಿಂಟ್‌ನ 2025ರ ಮಾರ್ಚ್ 25ರಿಂದ ತೆಗ್ದು ಹಾಕಿದಾರೆ, ದುಡ್ಡಿಗೆ ಆಫರ್ ಮಾರೋ ದಂಧೆ ತಡೆಯೋಕೆ ಅಂತಾನೇ. ಆದ್ರೂ ಎಲ್‌ಎಂಐಎ ಕೊಡಿಸ್ತೀವಿ ಇಷ್ಟು ಲಕ್ಷ ಆಗುತ್ತೆ ಅನ್ನೋರು ನಿಂತಿಲ್ಲ. ಎಲ್‌ಎಂಐಎ ಅನ್ನೋದು ಹೊರದೇಶದವ್ರನ್ನ ಕೆಲಸಕ್ಕೆ ತಗೊಳ್ಳೋಕೆ ಒಪ್ಪಿಗೆ ಕೇಳಿ ಕೆನಡಾದ ಕಂಪನಿಯವ್ರು ಸರ್ಕಾರಕ್ಕೆ ಹಾಕೋ ಅರ್ಜಿ, ಅದ್ರ 1000 ಡಾಲರ್ ಫೀಸ್ ಕಂಪನಿನೇ ಕಟ್ಬೇಕು, ಕೆಲಸಕ್ಕೆ ಬರೋರಿಂದ ವಸೂಲಿ ಮಾಡಂಗಿಲ್ಲ. ಕೆಲಸ ಕೊಳ್ಳೋಕೆ ದುಡ್ಡು ಕೇಳಿದ್ರೆ ಅದು ಅಕ್ರಮ, ಅದಕ್ಕೆ ಬೇರೆ ವಿವರಣೆನೇ ಬೇಡ.

ಖರ್ಚು ಎಷ್ಟಾಗುತ್ತೆ? ಇದ್ರಲ್ಲಿ ಎರಡು ಲೆಕ್ಕ ಬೇರೆ ಬೇರೆ ಇಡ್ಬೇಕು, ಸರ್ಕಾರದ ಫೀಸ್ ಒಂದು, ಕನ್ಸಲ್ಟೆಂಟ್ ಫೀಸ್ ಇನ್ನೊಂದು. 2024ರ ಏಪ್ರಿಲ್ 30ರಂದು ಏರಿದ ರೇಟ್ ಪ್ರಕಾರ ಎಕ್ಸ್‌ಪ್ರೆಸ್ ಎಂಟ್ರಿ ಪಿಆರ್‌ಗೆ ಅರ್ಜಿ ಫೀಸ್ 950 ಕೆನಡಿಯನ್ ಡಾಲರ್, ಪಿಆರ್ ಹಕ್ಕಿನ ಫೀಸ್ 575, ಒಟ್ಟು 1525 ಇತ್ತು, ಗಂಡ ಇಲ್ಲಾ ಹೆಂಡ್ತಿ ಜೊತೇಲಿ ಇದ್ರೆ ಅವ್ರಿಗೂ ಅಷ್ಟೇ, ಮಗುಗೆ 260 ಇತ್ತು. ಬಯೋಮೆಟ್ರಿಕ್ಸ್‌ಗೆ ಒಬ್ರಿಗೆ 85. ಈ ಫೀಸ್‌ನ ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸ್ತಾರೆ, ಕಟ್ಟೋ ದಿನ ಇನ್ನೊಂದ್ಸಲ ನೋಡ್ಕೊಳ್ಳಿ. ಅರ್ಜಿ ರಿಜೆಕ್ಟ್ ಆದ್ರೆ ಪಿಆರ್ ಹಕ್ಕಿನ ಫೀಸ್ ವಾಪಸ್ ಬರುತ್ತೆ, ಅರ್ಜಿ ಫೀಸ್ ಬರಲ್ಲ. ಇದ್ರ ಮೇಲೆ ಇಸಿಎ (ನಿಮ್ಮ ಡಿಗ್ರಿ ಕೆನಡಾದ ಯಾವ ಓದಿಗೆ ಸಮ ಅಂತ ಹೇಳೋ ವರದಿ), ಭಾಷಾ ಪರೀಕ್ಷೆ, ಮೆಡಿಕಲ್. ಮೆಡಿಕಲ್‌ನ 2025ರ ಆಗಸ್ಟ್ 21ರಿಂದ ಎಕ್ಸ್‌ಪ್ರೆಸ್ ಎಂಟ್ರಿಯವ್ರು ಅರ್ಜಿ ಹಾಕೋ ಮುಂಚೇನೇ ಮುಗಿಸ್ಬೇಕು. ಆಮೇಲೆ ಸೆಟ್ಲ್‌ಮೆಂಟ್ ಫಂಡ್ಸ್ ಅಂತ ಬ್ಯಾಂಕ್‌ನಲ್ಲಿ ತೋರ್ಸೋ ದುಡ್ಡು, ಅದು ಫೀಸ್ ಅಲ್ಲ, ನಿಮ್ಮ ಅಕೌಂಟ್‌ನಲ್ಲೇ ಇರುತ್ತೆ. 2025ರ ಜುಲೈನಲ್ಲಿ ಒಬ್ರಿಗೆ 15,263 ಡಾಲರ್ ಅಂತ ಮಾಡಿದ್ರು, ಮನೆಯವ್ರು ಜಾಸ್ತಿಯಾದಷ್ಟೂ ಮೊತ್ತ ಜಾಸ್ತಿ. ಆ ದುಡ್ಡನ್ನ ನಮ್ಮ ಅಕೌಂಟ್‌ಗೆ ಹಾಕಿ ನಾವೇ ತೋರಿಸ್ತೀವಿ ಅಂತ ಯಾರಾದ್ರೂ ಅಂದ್ರೆ ಅವ್ರ ಹತ್ರ ಮತ್ತೆ ಮಾತಾಡೋದೇ ಬೇಡ.

ಕನ್ಸಲ್ಟೆಂಟ್ ಫೀಸ್‌ಗೆ ಸರ್ಕಾರಿ ರೇಟ್ ಅಂತೇನೂ ಇಲ್ಲ. ಅದಕ್ಕೇ ಅಗ್ರಿಮೆಂಟ್ ಮುಖ್ಯ. ಯಾವ ಪ್ರೋಗ್ರಾಂಗೆ ಅರ್ಜಿ, ಯಾವ ಯಾವ ಕೆಲಸ ಅವ್ರದ್ದು, ದುಡ್ಡು ಯಾವ ಹಂತದಲ್ಲಿ ಎಷ್ಟು, ಐಟಿಎ ಬರ್ದೇ ಇದ್ರೆ ಏನು, ಮಧ್ಯದಲ್ಲಿ ಬಿಟ್ರೆ ಎಷ್ಟು ವಾಪಸ್, ಇಷ್ಟೂ ಬರವಣಿಗೇಲಿ ಇರ್ಬೇಕು, ಲೈಸೆನ್ಸ್ ಇರೋರ ಹೆಸರು ಸಹಿ ಅದ್ರಲ್ಲಿ ಇರ್ಬೇಕು. ಎಲ್ಲಾ ದುಡ್ಡು ಮೊದ್ಲೇ ಕಟ್ಟಿ ಡಿಸ್ಕೌಂಟ್ ಇದೆ ಅನ್ನೋದಕ್ಕೆ ಮರುಳಾಗ್ಬೇಡಿ, ಹಂತ ಹಂತವಾಗಿ ಕಟ್ಟಿ, ರಸೀದಿ ತಗೊಳ್ಳಿ.

ಫೈಲ್ ಹಾಳಾಗೋದು ಬಹಳ ಸಲ ಡಾಕ್ಯುಮೆಂಟ್‌ನಲ್ಲಿ, ಅದ್ರಲ್ಲೂ ಎಕ್ಸ್‌ಪೀರಿಯೆನ್ಸ್ ಲೆಟರ್‌ನಲ್ಲಿ. ನಮ್ಮ ಕಡೆ ಎಚ್‌ಆರ್‌ನವ್ರು ಕೊಡೋ ಲೆಟರ್‌ನಲ್ಲಿ ಇಂಥವ್ರು ಇಂಥಾ ದಿನದಿಂದ ಇಂಥಾ ದಿನದವರೆಗೆ ಕೆಲಸ ಮಾಡಿದ್ರು, ನಡತೆ ಚೆನ್ನಾಗಿತ್ತು, ಶುಭವಾಗ್ಲಿ ಅಂತ ಮೂರು ಸಾಲು ಇರುತ್ತೆ ಅಷ್ಟೇ. ಕೆನಡಾಗೆ ಬೇಕಿರೋದು ಕಂಪನಿ ಲೆಟರ್‌ಹೆಡ್ ಮೇಲೆ ಹುದ್ದೆ, ಏನೇನು ಕೆಲಸ ಮಾಡ್ತಿದ್ರು ಅನ್ನೋ ವಿವರ, ವಾರಕ್ಕೆ ಎಷ್ಟು ಗಂಟೆ, ಸಂಬಳ ಸವಲತ್ತು, ತಾರೀಕು, ಮೇಲಿನವ್ರ ಸಹಿ, ಇಷ್ಟೂ. ಆ ಕೆಲಸದ ವಿವರ ನೀವು ಆರ್ಸಿದ ಎನ್‌ಒಸಿ ಕೋಡ್‌ಗೆ, ಅಂದ್ರೆ ಕೆನಡಾದ ಉದ್ಯೋಗಗಳ ಪಟ್ಟೀಲಿ ನಿಮ್ಮ ಕೆಲಸಕ್ಕಿರೋ ನಂಬರ್‌ಗೆ ಹೊಂದ್ಬೇಕು, ಹಂಗಂತ ಎನ್‌ಒಸಿ ಪುಟದ ಸಾಲುಗಳನ್ನ ಅಕ್ಷರ ಅಕ್ಷರ ಕಾಪಿ ಹೊಡೆದ್ರೆ ಆಫೀಸರ್‌ಗೆ ಅನುಮಾನ ಬರುತ್ತೆ, ನೀವು ಮಾಡಿದ್ದನ್ನ ನಿಮ್ಮ ಮಾತಲ್ಲೇ ಬರ್ಸಿ. ಕಂಪನಿ ಕೊಡಲ್ಲ ಅಂತ ಕೈ ಎತ್ತಿದ್ರೆ ಮ್ಯಾನೇಜರ್ ಹತ್ರ ಲೆಟರ್, ಜೊತೆಗೆ ಸ್ಯಾಲರಿ ಸ್ಲಿಪ್, ಫಾರ್ಮ್ 16, ಯಾಕೆ ಸಿಗ್ಲಿಲ್ಲ ಅನ್ನೋ ವಿವರಣೆ ಪತ್ರ ಇಡ್ತಾರೆ, ಇದನ್ನ ಹೆಂಗೆ ಜೋಡಿಸ್ಬೇಕು ಅನ್ನೋದ್ರಲ್ಲಿ ಅನುಭವ ಇರೋ ಕನ್ಸಲ್ಟೆಂಟ್ ಕೊಟ್ಟ ದುಡ್ಡಿಗೆ ಮೋಸ ಮಾಡಲ್ಲ. ಐಟಿಎ ಬಂದ್ಮೇಲೆ 60 ದಿನಾನೇ ಟೈಮ್, ಲೆಟರ್‌ಗೆ ಓಡಾಡೋದು ಅದಕ್ಕಿಂತ ಮುಂಚೆ ಆಗ್ಬೇಕು.

ಕನ್ಸಲ್ಟೆಂಟ್ ಏನಾದ್ರೂ ಸುಳ್ಳು ಹಾಕಿದ್ರೆ ತಪ್ಪು ಯಾರದ್ದು? ನಿಮ್ದು. ಅರ್ಜೀಲಿ ಸಹಿ ನಿಮ್ದಲ್ವಾ. ತಪ್ಪು ಮಾಹಿತಿ ಕೊಟ್ಟಿದ್ದು ಗೊತ್ತಾದ್ರೆ ಅದೇ ಇಮಿಗ್ರೇಷನ್ ಕಾಯ್ದೆಯ 40ನೇ ಸೆಕ್ಷನ್‌ನಲ್ಲಿ ಐದು ವರ್ಷ ಬ್ಯಾನ್, ಅಷ್ಟು ದಿನ ಪಿಆರ್ ಅರ್ಜಿ ಹಾಕಂಗೇ ಇಲ್ಲ. 2023ರಲ್ಲಿ ಪಂಜಾಬ್ ಕಡೆಯ ಎಷ್ಟೋ ಸ್ಟೂಡೆಂಟ್‌ಗಳು ಗಡೀಪಾರಿನ ಭಯದಲ್ಲಿ ಕೆನಡಾದ ಬೀದೀಲಿ ಕೂತು ಪ್ರತಿಭಟನೆ ಮಾಡಿದ್ದು ಇದಕ್ಕೇ, ಏಜೆಂಟ್ ಕೊಟ್ಟ ಅಡ್ಮಿಷನ್ ಲೆಟರ್ ಫೇಕ್ ಅಂತ ಕೆಲವ್ರಿಗೆ ಗೊತ್ತಾಗಿದ್ದು ಓದು ಮುಗ್ದು ಪಿಆರ್‌ಗೆ ಅರ್ಜಿ ಹಾಕ್ದಾಗ. ಅದಕ್ಕೇ ಸಬ್‌ಮಿಟ್ ಮಾಡೋ ಮುಂಚೆ ಪೂರ್ತಿ ಅರ್ಜಿಯ ಪಿಡಿಎಫ್ ತರ್ಸ್ಕೊಂಡು ಒಂದೊಂದು ಪುಟನೂ ಓದಿ, ಸಬ್‌ಮಿಟ್ ಆದ್ಮೇಲೆ ಕನ್ಫರ್ಮೇಷನ್ ಕಾಪಿನೂ ಇಟ್ಕೊಳ್ಳಿ. ಹಳೇ ವೀಸಾ ರಿಜೆಕ್ಷನ್ ಬರೀಬೇಡಿ ಬಿಡಿ ಅಂತ ಯಾರಾದ್ರೂ ಅಂದ್ರೆ, ಹಂಗೆ ಮುಚ್ಚಿಟ್ಟಿದ್ದೇ ದೊಡ್ಡ ತಪ್ಪಾಗುತ್ತೆ, ರಿಜೆಕ್ಷನ್ ಅಲ್ಲ.

ನಿಮ್ಮ ಪರವಾಗಿ ದುಡ್ಡು ತಗೊಂಡು ಕೆಲಸ ಮಾಡೋರು ಐಎಂಎಂ 5476 ಅನ್ನೋ ಫಾರಂನಲ್ಲಿ ತಮ್ಮ ಹೆಸರು, ಲೈಸೆನ್ಸ್ ನಂಬರ್ ಹಾಕ್ಬೇಕು. ಅದು ಬೇಡ, ನಿಮ್ಮ ಹೆಸರಲ್ಲೇ ಅಕೌಂಟ್ ತೆರೀತೀವಿ, ಯೂಸರ್‌ನೇಮ್ ಪಾಸ್‌ವರ್ಡ್ ಕೊಡಿ, ಓಟಿಪಿ ಬಂದಾಗ ಹೇಳಿ ಅಂದ್ರೆ ಅವ್ರು ಮುಖ ತೋರ್ಸದ ಕನ್ಸಲ್ಟೆಂಟ್, ಸರ್ಕಾರದ ಕಣ್ಣಿಗೆ ಅರ್ಜಿ ನೀವೇ ಹಾಕಿದಂಗೆ ಕಾಣುತ್ತೆ, ನಾಳೆ ಏನಾದ್ರೂ ಆದ್ರೆ ಅವ್ರು ಎಲ್ಲೂ ಇಲ್ಲ. ಒರಿಜಿನಲ್ ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್ ಯಾರ ಹತ್ರನೂ ಬಿಡ್ಬೇಡಿ, ಸ್ಕ್ಯಾನ್ ಕಾಪಿ ಸಾಕು.

ಮಧ್ಯದಲ್ಲಿ ಕನ್ಸಲ್ಟೆಂಟ್ ಬದಲಾಯಿಸ್ಬೋದಾ ಅಂದ್ರೆ ಯಾವಾಗ್ ಬೇಕಾದ್ರೂ. ಅದೇ 5476 ಫಾರಂನಲ್ಲಿ ಹಳಬ್ರನ್ನ ಕ್ಯಾನ್ಸಲ್ ಮಾಡೋ ಭಾಗ ಇದೆ, ತುಂಬಿ ಐಆರ್‌ಸಿಸಿಗೆ ಕಳ್ಸಿದ್ರೆ ಆಯ್ತು, ಹಳಬ್ರ ಒಪ್ಪಿಗೆ ಬೇಕಿಲ್ಲ. ದುಡ್ಡಿನ ಜಗಳ, ಬೇಜವಾಬ್ದಾರಿ ಇದ್ರೆ ಲೈಸೆನ್ಸ್ ಇರೋರ ಮೇಲೆ ಕಾಲೇಜಿಗೆ ದೂರು ಕೊಡ್ಬೋದು, ವಕೀಲರ ಮೇಲೆ ಲಾ ಸೊಸೈಟಿಗೆ. ಲೈಸೆನ್ಸೇ ಇಲ್ದವ್ರ ಹತ್ರ ಸಿಕ್ಕಾಕ್ಕೊಂಡ್ರೆ ಇವೆರಡೂ ಅಷ್ಟಾಗಿ ಕೈ ಹಿಡಿಯಲ್ಲ, ಲೋಕಲ್ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ಬೇಕಾಗುತ್ತೆ. ಬದಲಾಯಿಸಿದ ದಿನವೇ ಅರ್ಜೀಲಿರೋ ಈಮೇಲ್ ವಿಳಾಸ, ಫೋನ್ ನಂಬರ್ ನಿಮ್ದು ಅಂತ ಅಪ್‌ಡೇಟ್ ಮಾಡ್ಸಿ, ಇಲ್ಲಾಂದ್ರೆ ಐಆರ್‌ಸಿಸಿ ಏನಾದ್ರೂ ಡಾಕ್ಯುಮೆಂಟ್ ಕೇಳಿ ಬರ್ದಿದ್ದು ಹಳೇ ಆಫೀಸ್‌ನ ಇನ್‌ಬಾಕ್ಸ್‌ಗೆ ಹೋಗಿ, ಕೊಟ್ಟ ಗಡುವು ನಿಮಗೆ ಗೊತ್ತಾಗೋ ಮುಂಚೇನೇ ಮುಗ್ದಿರುತ್ತೆ.